ಮೊದಲ ರೌಂಡಿಗೆ ಅತ್ತೆ ಬಂದರು, ಮಾವ

ಮಾವ,

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಕಾಗದ ಬರೆಯುತ್ತಿರಿ ಅಂತ ಅಭ್ಯಾಸಬಲದಿಂದ ಬರೆಯಲು ಹೋದೆ. ಪೆನ್ನು ಅಲ್ಲೇ ನಿಂತಿತು. ನೀವೀಗ ಇರುವ ಕಡೆಯಿಂದ ಕಾಗದ ಬರೆದವರನ್ನು ನಾನಂತೂ ಕಂಡಿಲ್ಲ. ಇದ್ದಾಗಲೂ ನೀವು ಫೋನಿನಲ್ಲಿ "ಹ್ಞೂಂ, ಸರಿ, ಇಡು" ಅನ್ನುವುದಕ್ಕಿಂತ ಹೆಚ್ಚು ಮಾತಾಡಿದವರಲ್ಲ, ಹಾಗಾಗಿ ಉತ್ತರ ಬರಲಿಲ್ಲವೆಂದು ನಾನೇನೂ ಮುನಿಸಿಕೊಳ್ಳುವುದಿಲ್ಲ. ಆದರೆ ಈ ವಾರ ಗ್ಯಾರೇಜಿನಲ್ಲಿ ಒಂದು ಕೆಲಸ ನಡೆಯಿತು. ಅದನ್ನು ನಿಮಗೆ ಹೇಳದೆ ಇರಲು ನನ್ನ ಕೈಲಿ ಆಗುತ್ತಿಲ್ಲ. ನಿಜವಾಗಿ ಹೇಳಬೇಕಾದವರು ಅತ್ತೆ. ಅವರು ಹೇಳುವ ಪೈಕಿಯಲ್ಲ ಅನ್ನುವುದು ನಿಮಗೂ ಗೊತ್ತು.

ಅವತ್ತು ಬೆಳಿಗ್ಗೆ ನೀವು ಗ್ಯಾರೇಜಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಿರಂತೆ. ಲೋಟ ಪಕ್ಕಕ್ಕಿಟ್ಟು ಎದೆ ಒತ್ತಿಕೊಂಡಿರಂತೆ, ಆಮೇಲೆ ಏಳಲೇ ಇಲ್ಲವಂತೆ. ಬಾಗಲಗುಂಟೆಯಿಂದ ನಾನು ಸ್ಕೂಟರಿನಲ್ಲಿ ಯಲಹಂಕ ತಲುಪುವಷ್ಟರಲ್ಲಿ ಬೀದಿಯ ಜನವೆಲ್ಲ ಶಟರಿನ ಮುಂದೆ ನಿಂತಿದ್ದರು. ಆ ಸಂಜೆ ಅತ್ತೆ ಅಡುಗೆಮನೆಯಿಂದ ಗ್ಯಾರೇಜಿಗೆ ತೆರೆಯುವ ಚಿಕ್ಕ ಬಾಗಿಲಿಗೆ ಚಿಲಕ ಹಾಕಿದರು. ಆಮೇಲೆ ಅದನ್ನು ತೆಗೆಯಲೇ ಇಲ್ಲ. ಹಾಲಿಗೆ, ತರಕಾರಿಗೆ, ದೇವಸ್ಥಾನಕ್ಕೆ, ಎಲ್ಲದಕ್ಕೂ ಪಕ್ಕದ ಸಂದಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಗ್ಯಾರೇಜಿನ ಕೆಲಸ ಬಿಡದೆ ದಿನಾ ಬರುತ್ತಿದ್ದ ನನ್ನ ಮಧ್ಯಾಹ್ನದ ಊಟದ ಡಬ್ಬಿ ಕಾಂಪೌಂಡಿನ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಯಾಕತ್ತೆ ಅಂತ ಕೇಳಿದೆ. "ಪಾನಾ ಬಿದ್ದ ಸದ್ದು ಕೇಳಿದ್ರೆ ಅವ್ರೇ ಒಳಗಿದಾರೆ ಅನ್ಸುತ್ತೆ ಕಣೇ ಭಾರತಿ. ಒಂದ್ ಗಳಿಗೆ ಅಷ್ಟೇ. ಆಮೇಲೆ ಇಲ್ಲ ಅನ್ನೋದು ನೆನಪಾಗುತ್ತಲ್ಲ, ಅದನ್ನ ದಿನಾ..." ಅಂದರು.

ಗ್ಯಾರೇಜನ್ನು ಬಾಡಿಗೆಗೆ ಕೇಳಿ ಜ್ಯೂಸ್ ಅಂಗಡಿ ಇಡುವವನೊಬ್ಬ ಜಾಗ ನೋಡಲು ಬಂದ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಒಳ್ಳೆ ಹುಡುಗನೇ, ಮಾತು ಮೆತ್ತಗೆ. ಗೋಡೆಯಿಂದ ಗೋಡೆಗೆ ಅಳತೆ ಹಿಡಿದ. ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿಸಿದ್ದ ನಿಮ್ಮ ಗುಂಡಿಯೊಳಗೆ ಬಗ್ಗಿ ನೋಡಿ, "ಇದನ್ನ ಮುಚ್ಚಿಸಿ ಮೇಲೆ ಟೈಲ್ಸ್ ಹಾಕ್ಸಿಬಿಡ್ತೀನಿ ಆಂಟಿ, ಗೊತ್ತೇ ಆಗಲ್ಲ" ಅಂದ. ಅತ್ತೆ ಸಂದಿಯಲ್ಲೇ ನಿಂತು "ವರ್ಷದ ಕಾರ್ಯ ಮುಗೀಲಪ್ಪ, ಆಮೇಲೆ ಬಾ" ಅಂದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನಗೇನು, ಓದಿರೋಳು, ಎಲ್ಲಾದ್ರೂ ದೊಡ್ಡ ಕಡೆ ಕೆಲ್ಸ ಸಿಗುತ್ತೆ" ಅಂದರು. ಸಿಗುತ್ತದೆ ಮಾವ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಬೇಕಾಗಿದ್ದು ಕೆಲಸವಲ್ಲ, ಆ ಗ್ಯಾರೇಜು. ಆಟೋಮೊಬೈಲ್ ಡಿಪ್ಲೊಮಾ ಮುಗಿಸಿದ್ದರೂ ಹುಡುಗಿಗೆ ಪಾನಾ ಕೊಡುವುದಿಲ್ಲ ಅಂತ ನಾಲ್ಕು ಕಡೆ ರಿಸೆಪ್ಷನ್ನಿನಲ್ಲಿ ಕೂರಿಸಲು ನೋಡಿದರು. ನೀವೊಬ್ಬರೇ "ಬಾರಮ್ಮ ಇಂಜಿನಿಯರಮ್ಮ, ಮೊದಲು ಆ ಬಳೆ ತೆಗೆದಿಡು" ಅಂದು ಗುಂಡಿಗೆ ಇಳಿಸಿದ್ದು. ಅದನ್ನು ಮುಚ್ಚಿ ಅದರ ಮೇಲೆ ಮಿಕ್ಸಿ ಇಡುತ್ತಾರೆಂದರೆ ನನಗೆ ಹೇಗಾಗಬೇಡ?

ಬೇಸಿಗೆ ರಜೆಗೆ ನಿಮ್ಮ ಮನೆಗೆ ಬಂದಾಗಲೆಲ್ಲ ನಾನು ಕಾಯುತ್ತಿದ್ದದ್ದು ಒಂದಕ್ಕೇ. ನೀವು ಶಟರಿನ ಒಳಗಿಂದ ಅತ್ತೆಯನ್ನು "ಏನೇ, ಬಾರೇ ಒಂದ್ ರೌಂಡು" ಅಂತ ಕೂಗುವುದಕ್ಕೆ. ಬ್ರೇಕು, ಸ್ಟೇರಿಂಗು, ಚಕ್ರ, ಈ ಮೂರರ ತಂಟೆಗೆ ಹೋದ ಯಾವ ಗಾಡಿಯೂ ಮೊದಲ ಸುತ್ತಿಗೆ ನಿಮ್ಮ ಮನೆಯವರನ್ನು ಕೂರಿಸಿಕೊಳ್ಳದೆ ಗ್ಯಾರೇಜು ಬಿಡುತ್ತಿರಲಿಲ್ಲ. "ನಮ್ಮೋರನ್ನ ಕೂರ್ಸಕ್ಕೆ ಧೈರ್ಯ ಇಲ್ದಿರೋ ಗಾಡೀನ ಇನ್ನೊಬ್ರ ಮನೆಗೆ ಕಳಿಸಬಾರ್ದು" ಅನ್ನುತ್ತಿದ್ದಿರಿ. ಊರಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ಇಂಥದ್ದೊಂದು ಶಾಸ್ತ್ರ ಇಟ್ಟುಕೊಂಡಿದ್ದನ್ನು ನಾನು ಕೇಳಿಲ್ಲ. ಅತ್ತೆ ನೈಟಿಯ ಮೇಲೊಂದು ಟವಲು ಹೊದ್ದು, "ಮೂರು ವಿಶಲ್ ಆದ್ಮೇಲೆ ಆರಿಸು" ಅಂತ ನನಗೆ ಕುಕ್ಕರಿನ ಜವಾಬ್ದಾರಿ ಒಪ್ಪಿಸಿ, ಯಾರದೋ ಹೊಳೆಯುವ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೊರಟುಬಿಡುತ್ತಿದ್ದರು. ಇಂದು ಬಿಳಿ ಕಾರು, ನಾಳೆ ಕೆಂಪು ಕಾರು. ಹೊಸದಾಗಿ ಬಾಡಿಗೆಗೆ ಬಂದ ಎದುರುಮನೆಯವರು ನಿಮ್ಮನ್ನು ಯಾವುದೋ ದೊಡ್ಡ ಕುಳ ಎಂದುಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಜಾಗವಿದ್ದರೂ ನನ್ನನ್ನು ಮಾತ್ರ ಕರೆದುಕೊಂಡು ಹೋಗುತ್ತಿರಲಿಲ್ಲ, ಅದೊಂದು ಹೊಟ್ಟೆಕಿಚ್ಚು ನನಗೆ ಇದ್ದೇ ಇತ್ತು.

ನೀವು ಹೋದ ಮೇಲೆ ಆ ಶಾಸ್ತ್ರವೇ ನನ್ನ ಕಾಲಿಗೆ ತೊಡರಿಕೊಂಡಿತು. ಕೂರಿಸಲು ಮನೆಯವರು ಬೇಕಲ್ಲ? ನನ್ನಮ್ಮ, ಅಂದರೆ ನಿಮ್ಮ ಅಕ್ಕ, ಮಂಡಿನೋವು ಅಂತ ಬಾಗಲಗುಂಟೆಯ ಮನೆಯ ಮೆಟ್ಟಿಲನ್ನೇ ಇಳಿಯುವುದಿಲ್ಲ. ಅತ್ತೆ ಚಿಲಕ ತೆಗೆಯುವುದಿಲ್ಲ. ಹಾಗಾಗಿ ನಾನು ಆಯಿಲ್ ಬದಲಾಯಿಸುವುದು, ಬ್ಯಾಟರಿ, ಏಸಿ ಗ್ಯಾಸು, ಇಷ್ಟರಲ್ಲೇ ಕಾಲ ತಳ್ಳುತ್ತಿದ್ದೆ. ಬ್ರೇಕು ಅಂತ ಬಂದವರನ್ನು ಏನೋ ನೆಪ ಹೇಳಿ ಮುಂದೆ ಕಳಿಸುತ್ತಿದ್ದೆ. ಗ್ಯಾರೇಜಿನ ಬೋರ್ಡು ಇತ್ತು, ಗ್ಯಾರೇಜು ಇರಲಿಲ್ಲ. ಜ್ಯೂಸಿನ ಹುಡುಗನಿಗೆ ಕೊಡುವುದಿಲ್ಲ ಅಂತ ಅತ್ತೆಯ ಮುಂದೆ ಜೋರು ಮಾಡಲು ನನಗಾದರೂ ಏನು ಮುಖವಿತ್ತು ಹೇಳಿ.

ಚಿಕ್ಕಜಾಲದ ಮುನೇಗೌಡರು ಬಂದದ್ದು ಸೋಮವಾರ. ಟ್ರ್ಯಾಕ್ಟರಿನ ಕಾಲದಿಂದ ನಿಮ್ಮಲ್ಲಿಗೇ ಬರುತ್ತಿದ್ದರಲ್ಲ, ಆಮೇಲೆ ಟೆಂಪೊ ತಂದರಲ್ಲ, ಅವರೇ. ಈಗ ಏನು ತಂದಿದ್ದಾರೆ ಗೊತ್ತೆ? ಕರಿ ಬಣ್ಣದ ದೊಡ್ಡ ಜರ್ಮನ್ ಗಾಡಿ. ಸೆಕೆಂಡ್ ಹ್ಯಾಂಡು, ಮೊಮ್ಮಗಳು ಆಸೆಪಟ್ಟಳಂತೆ. ಚರ್ಮದ ಸೀಟಿನ ಮೇಲೆ ಗೋಣಿತಾಟು ಹಾಸಿದ್ದಾರೆ. ಹಿಂದೆ ಡಿಕ್ಕಿ ತೆಗೆದರೆ ಕೊತ್ತಂಬರಿ ಸೊಪ್ಪಿನ ಘಮ. ಕೋಟ್ಯಧೀಶರು ಕೂರುವ ಗಾಡಿಯಲ್ಲಿ ಸೇವಂತಿಗೆ ಕುಕ್ಕೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗಿಬರುತ್ತಾರೆ. ನೀವು ನೋಡಿದ್ದರೆ ಎಷ್ಟು ನಗುತ್ತಿದ್ದಿರೋ. ಗಾಡಿಯಿಂದ ಇಳಿಯುತ್ತಲೇ, "ಎಲ್ಲವ್ವಾ ಯಜಮಾನ್ರು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಗೋಡೆಯ ಮೇಲಿನ ನಿಮ್ಮ ಫೋಟೋದ ಹಾರಕ್ಕೆ ಬಿತ್ತು. ಚಪ್ಪಲಿ ಬಿಟ್ಟರು. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಸುಧಾರಿಸಿಕೊಂಡು ಹೇಳಿದರು: "ರೋಡಿನ ಅಂಪು ಅತ್ತಿ ಇಳ್ದ್ರೆ ಮುಂದ್ಗಡೆ ಟಕ್ ಅಂತೈತೆ ತಾಯಿ. ಸ್ಟೇರಿಂಗು ಎಡಕ್ಕೆ ಎಳೀತೈತೆ. ಶೋರೂಮ್ನಾಗೆ ಕಾಫಿ ಕೊಟ್ಟು ಏಸಿ ರೂಮ್ನಾಗೆ ಕೂರುಸ್ತಾರೆ, ಗಾಡಿ ಕಣ್ಣಿಗೇ ಕಾಣಕಿಲ್ಲ. ನಂಗೆ ಎದುರ್ಗಡೆ ಬಿಚ್ಚಿ ತೋರ್ಸುದ್ರೇನೆ ಸಮಾಧಾನ. ನೀನೇ ನೋಡು." ನನಗೆ ಅಲ್ಲೇ ಹೇಳಿಬಿಡಬೇಕಿತ್ತು, ಗೌಡ್ರೇ ಚಕ್ರದ ಕೆಲಸ ಈಗ ಮಾಡುವುದಿಲ್ಲ ಅಂತ. ಆದರೆ ನಿಮ್ಮ ಫೋಟೋದ ಮುಂದೆ ಚಪ್ಪಲಿ ಬಿಟ್ಟ ಮನುಷ್ಯನಿಗೆ ಹಾಗೆ ಹೇಳುವುದು ಹೇಗೆ? "ಬಿಡಿ ಗೌಡ್ರೇ, ನೋಡ್ತೀನಿ" ಅಂದೆ.

ನೀವು ಆಸೆಪಟ್ಟು ಹಾಕಿಸಿದ, ಗಾಡಿ ಎತ್ತುವ ಲಿಫ್ಟು ನೆನಪಿದೆಯೆ ಮಾವ? ಆಯುಧಪೂಜೆಗೆ ಅದಕ್ಕೆ ಕುಂಕುಮ ಬಳಿದು, ಬೂದುಗುಂಬಳ ಒಡೆದು, ಹಾರ ಹಾಕಿ, ಮರುದಿನ ಅದರ ಪಕ್ಕದಲ್ಲೇ ಹಾದು ನಿಮ್ಮ ಹಳೆಯ ಗುಂಡಿಗೇ ಇಳಿದಿರಿ. ಹೊಸ ಸೊಸೆಗೆ ಮೊದಲ ವರ್ಷ ಕೆಲಸ ಹೇಳಬಾರದು ಅಂತ ತಮಾಷೆ ಮಾಡಿದಿರಿ. ಅದರ ಮೇಲೆ ಗೌಡರ ಗಾಡಿಯನ್ನು ಎತ್ತಿದೆ. ಎಡಗಡೆಯ ಮುಂದಿನ ಚಕ್ರ ತೆಗೆದು ರಾಡು ಕೊಟ್ಟು ಮೀಟಿದರೆ ರೋಗ ಕಣ್ಣಿಗೇ ಕಂಡಿತು. ಚಕ್ರವನ್ನು ಗಾಡಿಯ ಮೈಗೆ ಹಿಡಿದುಕೊಂಡಿರುವ ಆ ತೋಳು, ನೀವು ಲೋವರ್ ಆರ್ಮ್ ಅನ್ನುತ್ತಿದ್ದಿರಲ್ಲ, ಅದರ ಬುಡದ ರಬ್ಬರ್ ಬುಷ್ ಹರಿದು ಜೋತಾಡುತ್ತಿತ್ತು. ಗೌಡರನ್ನು ಕರೆದು ತೋರಿಸಿದೆ. "ಓ, ಅಲ್ಲು ಅಳ್ಳಾಡ್ದಂಗೆ ಅಳ್ಳಾಡ್ತೈತಲ್ಲವ್ವ" ಅಂದರು. ಹೊಸ ಆರ್ಮ್ ತರಿಸಿದ ಮೇಲೆ ಬುಧವಾರ ಕೆಲಸಕ್ಕೆ ಕೂತೆ. ತುದಿಯ ಬಾಲ್ ಜಾಯಿಂಟು ಒಂದೇ ಸ್ವಲ್ಪ ಹಟ ಮಾಡಿತು. ಮಿಕ್ಕಿದ್ದೆಲ್ಲ ಸಲೀಸು. ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಕಂಪೆನಿ ಹೇಳಿದಷ್ಟೇ, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲದ ಹಾಗೆ ಬಿಗಿ ಮಾಡಿ, ಚಕ್ರ ಹಾಕಿ ಕೆಳಗಿಳಿಸಿದೆ. ಗುಂಡಿಯೊಳಗೆ ನಿಮ್ಮ ಹಾಗೆ ಕತ್ತು ನೋಯಿಸಿಕೊಳ್ಳದೆ ನಿಂತೇ ಮಾಡಿದ ಕೆಲಸ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಬಂದಿತ್ತು.

ಕೀಲಿ ಕೊಡಲು ಹೋದರೆ ಗೌಡರು ಕೈ ಚಾಚಲಿಲ್ಲ. ಕಟ್ಟೆಯ ಮೇಲೆ ಕೂತೇ, "ಅಮ್ಮಾವ್ರು ಒಂದ್ ಸುತ್ತು ಓಗ್ಬರ್ಲಿ" ಅಂದರು. ನಾನು ಅತ್ತೆಗೆ ಆಗುವುದಿಲ್ಲ ಅಂದೆ, ಹುಷಾರಿಲ್ಲ ಅಂದೆ, ಏನೇನೋ ಅಂದೆ. ಅವರದು ಒಂದೇ ಪಟ್ಟು: "ನನ್ ಟೆಂಪೊಗೂ ಅಮ್ಮಾವ್ರೇ ಕೂತಿದ್ರು, ಟ್ರ್ಯಾಕ್ಟರ್ಗೂ ಮಡ್ಗಾರ್ಡ್ ಮ್ಯಾಲೆ ಕೂತಿದ್ರು. ಯಜಮಾನ್ರು ಇಲ್ಲ ಅಂತ ಪದ್ಧತಿ ಓಗ್ಬಿಡ್ತದಾ? ಅವಸ್ರ ಇಲ್ಲ, ನಾನ್ ಕೂತಿರ್ತೀನಿ." ನೀವು ಇಟ್ಟುಕೊಂಡಿದ್ದ ಶಾಸ್ತ್ರ ನಿಮ್ಮ ಮನೆಯವರಿಗಿಂತ ಗಿರಾಕಿಗೇ ಹೆಚ್ಚು ನೆನಪಿತ್ತು. ಅಡುಗೆಮನೆಯ ಬಾಗಿಲ ಮುಂದೆ ನಿಂತು, ಬಡಿಯಲೋ ಬೇಡವೋ ಅಂತ ನಾನು ಯೋಚಿಸುತ್ತಿದ್ದೆ. ಅತ್ತೆ ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು. ಗೌಡರು ಬೇಸರದಲ್ಲಿ ಎದ್ದು ಹೋಗುತ್ತಾರೆ, ವರ್ಷದ ಕಾರ್ಯ ಆಗುತ್ತದೆ, ಗುಂಡಿ ಮುಚ್ಚುತ್ತದೆ.

"ಅತ್ತೆ, ಚಿಕ್ಕಜಾಲದ ಗೌಡ್ರು ಬಂದಿದಾರೆ. ಮುಂದಿನ ಚಕ್ರದ ಕೆಲ್ಸ ಮಾಡಿದೀನಿ. ನೀವು ಕೂತ್ರೇನೇ ಗಾಡಿ ತಗೊಂಡೋಗೋದಂತೆ" ಅಂತ ಬಾಗಿಲಿಗೇ ಹೇಳಿದೆ. ಒಳಗೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ಅದು ನಿಂತಿತು. ನಾನು ತಿರುಗಿ ಹೊರಡಬೇಕು, ಅಷ್ಟರಲ್ಲಿ ಅತ್ತೆ ಕೇಳಿದರು: "ನೀನೇ ಮಾಡಿದ್ಯಾ, ಪೂರ್ತಿ?" ಹೌದು ಅಂದೆ. "ಭಯ ಇದ್ಯಾ?" ಇದೆ ಅಂದೆ. ಯಾಕೆ ಸುಳ್ಳು ಹೇಳಲಿ? ಆ ಮಾತಿಗೆ ಚಿಲಕ ಸರಿಯಿತು ಮಾವ. ತುಕ್ಕು ಹಿಡಿದಿತ್ತು, ಒಳಗಿಂದ ಅತ್ತೆ ಎಳೆದು, ಹೊರಗಿಂದ ನಾನು ತಳ್ಳಿ, ಇಬ್ಬರೂ ಸೇರಿ ತೆಗೆದೆವು. ನೈಟಿಯ ಮೇಲೆ ಟವಲು ಹೊದ್ದು ಹೊರಗೆ ಬಂದವರು ಲಿಫ್ಟಿನ ಕಡೆಯಾಗಲಿ, ನಿಮ್ಮ ಫೋಟೋದ ಕಡೆಯಾಗಲಿ ನೋಡಲಿಲ್ಲ. ನೇರ ಹೋಗಿ ಮುಂದಿನ ಸೀಟಿನಲ್ಲಿ ಗೋಣಿತಾಟಿನ ಮೇಲೆ ಕೂತರು. ಗೌಡರು ಎದ್ದು ನಿಂತು ಕೈ ಮುಗಿದರು.

ಹಳೇ ಊರಿನ ಸಂದಿ ದಾಟಿ ಕೆರೆಯ ಕಡೆಯ ರಸ್ತೆಗೆ ಬಂದೆವು. ಟಕ್ ಅನ್ನುವ ಸದ್ದು ಹೋಗಿತ್ತು, ನಾನು ಒಳಗೊಳಗೇ ಬೀಗುತ್ತಿದ್ದೆ. ಎರಡು ಹಂಪು ದಾಟಿದ ಮೇಲೆ ಅತ್ತೆ, "ಸರಿಯಾಗಿಲ್ಲ ಕಣೇ" ಅಂದರು. ಸದ್ದಿಲ್ಲವಲ್ಲ ಅತ್ತೆ ಅಂದೆ. "ಸದ್ದಿನ ಮಾತಲ್ಲ. ಅವ್ರು ಮಾಡಿದ ಗಾಡಿ ಹಂಪ್ ಇಳಿದ್ಮೇಲೆ ಕೂರ್ತಿತ್ತು. ಇದು ಕೂರ್ತಾನೇ ಇಲ್ಲ, ಕುಂಡಿಗೆ ಮುಳ್ಳು ಚುಚ್ಚಿದಂಗೆ ನಿಂತೇ ಇದೆ, ಅದೂ ನನ್ ಕಡೆ ಮಾತ್ರ" ಅಂದರು. ಯಾಕೆ ಅಂದರೆ ಅವರಿಗೆ ಗೊತ್ತಿಲ್ಲ. "ಅದನ್ನ ಹುಡ್ಕೋದು ನಿಮ್ಮ ಕೆಲ್ಸ, ಕೂರೋದು ನನ್ ಕೆಲ್ಸ" ಅಂತ ಕಿಟಕಿಯ ಕಡೆ ತಿರುಗಿಕೊಂಡರು. ನನಗೆ ಸಿಟ್ಟು ಬಂತು, ಸುಳ್ಳೇಕೆ. ಗ್ಯಾರೇಜು ಕೊಟ್ಟುಬಿಡಲು ನೆಪ ಹುಡುಕುತ್ತಿದ್ದಾರೇನೋ ಅಂತಲೂ ಅನ್ನಿಸಿತು. ಆದರೆ ವಾಪಸು ಬಂದು ಗಾಡಿಯನ್ನು ಎದುರಿನಿಂದ ನೋಡಿದರೆ, ಎಡಗಡೆ ಒಂದು ಬೆರಳಿನಷ್ಟು ಎತ್ತರ ನಿಂತಿತ್ತು.

ನೀವು ಗುಂಡಿಯಲ್ಲಿ ಕೆಲಸ ಮಾಡುವಾಗ ನಾನು ಮೇಲಿಂದ ಪಾನಾ ಕೊಡುತ್ತಿದ್ದ ದಿನಗಳನ್ನು ಕೂತು ಒಂದೊಂದಾಗಿ ನೆನೆದೆ. ಆರ್ಮ್ ಕೂರಿಸಿ ಬೋಲ್ಟು ಕೈಯಲ್ಲಿ ಸುಮ್ಮನೆ ಹಿಡಿಸುತ್ತಿದ್ದಿರಿ. ಚಕ್ರ ಹಾಕಿ ಜಾಕಿ ಇಳಿಸಲು ಹೇಳುತ್ತಿದ್ದಿರಿ. ಗಾಡಿ ನಾಲ್ಕು ಕಾಲಿನ ಮೇಲೆ ನಿಂತ ಮೇಲೆ ಮತ್ತೆ ಗುಂಡಿಗೆ ಇಳಿದು ಕೊನೆಯ ಬಿಗಿ ಕೊಡುತ್ತಿದ್ದಿರಿ. ಅದಕ್ಕೆ ಬೇರೆ ಹೆಸರಿರಲಿಲ್ಲ, ಗುಂಡಿಯಲ್ಲಿ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಲಿಫ್ಟಿನ ಮೇಲೆ ಚಕ್ರ ಗಾಳಿಯಲ್ಲಿ ತೂಗುತ್ತಿರುತ್ತದೆ, ಪಾನಾ ಎದೆಯ ಎತ್ತರಕ್ಕೆ ಸಿಗುತ್ತದೆ, ನಾನು ತೂಗಾಡುವ ಚಕ್ರಕ್ಕೇ ಪೂರ್ತಿ ಬಿಗಿ ಕೊಟ್ಟುಬಿಟ್ಟಿದ್ದೆ. ಬೋಲ್ಟು ಬಿಗಿಯಾದ ಭಂಗಿಯಲ್ಲೇ ಒಳಗಿನ ರಬ್ಬರು ನಿಲ್ಲುವುದು. ಗಾಡಿ ಕೆಳಗಿಳಿದ ಕೂಡಲೇ ಪಾಪ ಅದು ತಿರುಚಿಕೊಂಡಿತು, ಕತ್ತು ವಾರೆ ಮಾಡಿಕೊಂಡು ಮಲಗಿದವರ ಹಾಗೆ. ಹಾಗೇ ಬಿಟ್ಟಿದ್ದರೆ ಆ ಹೊಸ ಬುಷ್ಷೂ ಬೇಗನೆ ಹರಿಯುತ್ತಿತ್ತು. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ ಮಾವ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಗಬೇಡಿ.

ಗುಂಡಿಯ ಮೇಲಿನ ಹಲಗೆಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಗೌಡರೂ ಪಂಚೆ ಎತ್ತಿ ಕಟ್ಟಿ ಕೈ ಕೊಟ್ಟರು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ನೀವು ಇಳಿಯುತ್ತಿದ್ದ ಮೆಟ್ಟಿಲಲ್ಲೇ ಇಳಿದು ಬೋಲ್ಟುಗಳನ್ನು ಸಡಿಲಿಸಿದೆ. ಮೇಲಿನಿಂದ ಗೌಡರು ಮುಂಭಾಗವನ್ನು ಎರಡು ಸಲ ಅದುಮಿ ಬಿಟ್ಟರು. ಗಾಡಿ ನಿಟ್ಟುಸಿರು ಬಿಟ್ಟ ಹಾಗೆ ತನ್ನ ಜಾಗಕ್ಕೆ ಕೂತಿತು. ಆಮೇಲೆ ಬಿಗಿ ಕೊಟ್ಟೆ. ತಲೆ ಎತ್ತಿದರೆ ಗುಂಡಿಯ ಅಂಚಿನಲ್ಲಿ ಟಾರ್ಚು ಹಿಡಿದುಕೊಂಡು ಕೂತಿದ್ದವರು ಅತ್ತೆ. ಯಾವಾಗ ಬಂದರೋ. ಅವರ ಕಣ್ಣು ತುಂಬಿತ್ತು, ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ನನಗೆ ಆ ಕ್ಷಣ ನೀವು ಬಹಳ ಬೇಕಾದಿರಿ.

ಎರಡನೆಯ ರೌಂಡಿಗೆ ಅವರೇ ಮೊದಲು ಹೋಗಿ ಕೂತರು. ಈ ಸಲ ಹಂಪು ಇಳಿದ ಮೇಲೆ ಗಾಡಿ ಎಮ್ಮೆ ಮಲಗಿದ ಹಾಗೆ ನೆಮ್ಮದಿಯಾಗಿ ಕೂತಿತು. ಸ್ಟೇರಿಂಗೂ ಎಲ್ಲಿಗೂ ಎಳೆಯಲಿಲ್ಲ. ಹೇಗಿದೆ ಅತ್ತೆ ಅಂದೆ. "ಈಗ ಕೂತಿದೆ" ಅಂದರು. ಕೆರೆಯ ದಂಡೆ ಹಾದು, ರೈಲ್ವೆ ಸ್ಟೇಷನ್ನಿನ ಮುಂದೆ ತಿರುಗಿ, ಇನ್ನೇನು ನಮ್ಮ ಬೀದಿಗೆ ಬರಬೇಕು. "ಏನೋ ಸಣ್ಣ ಸದ್ದು ಬರ್ತಾ ಇದೆ" ಅಂದರು. ಏಸಿ ಆರಿಸಿದೆ, ಕಿಟಕಿ ಇಳಿಸಿದೆ, ನಿಧಾನ ಮಾಡಿದೆ, ಜೋರು ಮಾಡಿದೆ. ಏನೂ ಇಲ್ಲ. "ಇದೆ ಇದೆ, ಇನ್ನೊಂದ್ ರೌಂಡ್ ಹೊಡಿ, ಗೊತ್ತಾಗುತ್ತೆ" ಅಂದರು. ಮತ್ತೆ ಕೆರೆಯ ತನಕ ಹೋದೆವು. ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ ನನ್ನನ್ನು ನೋಡಿ ನೋಡಿ ಅತ್ತೆಗೆ ನಗು ಬಂದುಬಿಟ್ಟಿತು. ನೀವು ಹೋದ ಮೇಲೆ ಮೊದಲ ಸಲ, ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ನಿಲ್ಸು ಇಲ್ಲಿ" ಅಂದರು. ಕೆರೆಯ ಪಕ್ಕದಲ್ಲಿ ನಿಲ್ಲಿಸಿದೆ. ನೀರಿನ ಕಡೆ ನೋಡುತ್ತಾ ಹೇಳಿದರು: "ಯಾವ ಸದ್ದೂ ಇಲ್ಲ ಕಣೇ. ಮನೆ ತುಂಬ ಜನ ಇದ್ರಲ್ಲ ಆವಾಗ. ನಿಮ್ಮಜ್ಜಿ, ನಿಮ್ಮಮ್ಮ, ಬರೋರು, ಹೋಗೋರು. ಇವರಿಗೆ ಬೆಳಗಿಂದ ಸಂಜೆ ಗುಂಡಿ, ನನಗೆ ಒಲೆ. ಇವರ ಪಕ್ಕದಲ್ಲಿ ಕೂರೋಕೆ ಇನ್ನೆಲ್ಲಿತ್ತು ಜಾಗ? ಆ ಒಂದು ರೌಂಡ್ ಇತ್ತು ನೋಡು. ಅದೂ ಕಣ್ ಮುಚ್ಚಿ ಬಿಡೋದ್ರಲ್ಲಿ ಮುಗಿದೋಗೋದು. ಅದಕ್ಕೇ ಏನೋ ಸದ್ದು ಬರ್ತಿದೆ ಅಂದ್ಬಿಡ್ತಿದ್ದೆ. ಇಲ್ಲೇ ನಿಲ್ಸಿ, ಬಾನೆಟ್ ಎತ್ತಿ, ಕಿವಿ ಇಟ್ಕೊಂಡು ನಿಲ್ಲೋರು. ನಾನ್ ಒಳಗೆ ಕೂತು ಅವರನ್ನೇ ನೋಡ್ತಿದ್ದೆ. ಆಮೇಲೆ ಇನ್ನೊಂದ್ ರೌಂಡ್ ಕರ್ಕೊಂಡೋಗೋರು. ಈಗ ಸರಿ ಹೋಯ್ತು ರೀ ಅಂತಿದ್ದೆ." ಟವಲು ಸರಿಮಾಡಿಕೊಂಡು, "ಇದನ್ನ ಅವರಿಗೆ ಹೇಳ್ಬೇಕಿತ್ತು" ಅಂದರು.

"ನಿಮ್ಮತ್ತೆ ಕಿವಿ ಅಂದ್ರೆ ಕಿವಿ ಕಣೇ, ನನಗೆ ಕೇಳದ ಸದ್ದೂ ಕೇಳುತ್ತೆ" ಅಂತ ನೀವು ಎಷ್ಟು ಜನರ ಮುಂದೆ ಹೊಗಳಿದ್ದಿರಿ ಮಾವ. ಸರಿಯಾಗಿದ್ದ ಗಾಡಿಗಳನ್ನು ಎಷ್ಟು ಸಲ ಬಿಚ್ಚಿ, ಏನೂ ಸಿಗದೆ, ತಲೆ ಕೆರೆದುಕೊಂಡು ಮತ್ತೆ ಜೋಡಿಸಿದ್ದೀರಿ. ಗಾಡಿ ತಡವಾಯಿತು ಅಂತ ಗಿರಾಕಿಗಳ ಕೈಲಿ ಬೈಸಿಕೊಂಡಿದ್ದೀರಿ. ಆ ಸದ್ದು ಇರಲೇ ಇಲ್ಲ. ಅಥವಾ ನಿಮಗೂ ಗೊತ್ತಿತ್ತೆ? ಇಷ್ಟು ವರ್ಷ ಗಾಡಿಯ ಮಾತು ತಿಳಿದವರಿಗೆ ಇಷ್ಟು ತಿಳಿಯದೆ ಹೋಯಿತೆ, ಇಲ್ಲ ಗೊತ್ತಿದ್ದೂ... ಇದೊಂದಕ್ಕೆ ಮಾತ್ರ ನೀವು ಉತ್ತರ ಬರೆದರೆ ಚೆನ್ನಾಗಿತ್ತು.

ಗೌಡರು ಚಪ್ಪಲಿ ಮೆಟ್ಟಿ, ನಿಮ್ಮ ಫೋಟೋಗೆ ಇನ್ನೊಮ್ಮೆ ಕೈ ಮುಗಿದು, ಒಂದು ಕಟ್ಟು ಕೊತ್ತಂಬರಿ ಅತ್ತೆಯ ಕೈಗೆ ಕೊಟ್ಟು ಹೊರಟರು. ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡೇ ಮನೆಗೆ ಹೋಗಿ ಅಂತ ಮೂರು ಸಲ ಹೇಳಿ ಕಳಿಸಿದೆ. ಮಾರನೆಯ ದಿನ ಜ್ಯೂಸಿನ ಹುಡುಗ ಫೋನು ಮಾಡಿದ. ನಾನು ಅಡುಗೆಮನೆಯಲ್ಲೇ ಇದ್ದೆ, ಈಗ ಊಟ ಒಳಗೆ ಕೂತೇ ಮಾಡುತ್ತೇನೆ. ಅತ್ತೆ ಪಲ್ಯ ಕೆದಕುತ್ತಾ, "ಬೇರೆ ಕಡೆ ನೋಡ್ಕೊಳಪ್ಪ, ಜಾಗ ಖಾಲಿ ಇಲ್ಲ. ಅಲ್ಲಿ ನಮ್ಮ ಹುಡುಗಿ ಗ್ಯಾರೇಜ್ ನಡೆಸ್ತಾಳೆ" ಅಂದರು. ಎಷ್ಟು ಸಹಜವಾಗಿ ಅಂದರು ಅಂದರೆ, ನಾನು ತುತ್ತನ್ನು ತಟ್ಟೆಗೇ ಬಿಟ್ಟು ಅವರನ್ನೇ ನೋಡಿದೆ. ಇವತ್ತು ಬೆಳಿಗ್ಗೆಯಷ್ಟೇ ಬ್ರೇಕಿನ ಕೆಲಸಕ್ಕೆ ಒಂದು ಟ್ಯಾಕ್ಸಿ ಬಂದಿದೆ, ನೆಪ ಹೇಳಿ ಕಳಿಸಲಿಲ್ಲ, ಒಳಗೆ ಬಿಡಿಸಿಕೊಂಡಿದ್ದೇನೆ.

ಸಂಜೆ ಅದರ ಮೊದಲ ರೌಂಡು. ಒಂದು ಮಾತು ಕೊಡುತ್ತೇನೆ ಮಾವ. ನಿಜವಾದ ಸದ್ದಾದರೆ ನನಗೂ ಕೇಳಿಸುತ್ತದೆ, ಅದನ್ನು ಬಿಚ್ಚಿ ನೋಡಿಯೇ ಕಳಿಸುತ್ತೇನೆ. ನನಗೆ ಕೇಳಿಸದ ಸದ್ದು ಅತ್ತೆಗೆ ಕೇಳಿಸಿದರೆ ಮಾತ್ರ ಏನನ್ನೂ ಬಿಚ್ಚುವುದಿಲ್ಲ. ಕೆರೆಯ ಪಕ್ಕ ನಿಲ್ಲಿಸಿ, ಬಾನೆಟ್ ಎತ್ತಿ ಅವರು ಸಾಕು ಅನ್ನುವ ತನಕ ನಿಂತಿದ್ದು, ಇನ್ನೊಂದು ರೌಂಡು ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಸೊಸೆ,
ಭಾರತಿ